ಪತ್ತೇದಾರಿ ಅಕ್ಕ

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವುದು ನನ್ನ ಕೆಲಸ. ವಾರಕ್ಕೆರಡು ಸಲ ಪತ್ತೇದಾರಿ ಅಕ್ಕ ಬರುತ್ತಾರೆ. ಆ ಹೆಸರು ನಾವಿಟ್ಟದ್ದು. ಓದಿ ಮುಗಿಸಿದ ಹೊಸ ಕಾದಂಬರಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, ಉಸ್ಸಪ್ಪಾ ಎಂದು ಸ್ಟೂಲಿನ ಮೇಲೆ ಕೂರುತ್ತಾರೆ. “ಈಗಿನವರಿಗೆ ಕೊಲೆ ಮಾಡ್ಸೋಕೆ ಬರುತ್ತೆ, ಕಾರಣ ಕೊಡೋಕೆ ಬರಲ್ಲ ಕಣಪ್ಪ. ನಲವತ್ತನೇ ಪುಟಕ್ಕೇ ಗೊತ್ತಾಯ್ತು, ಭಾವಮೈದುನನೇ ಅಂತ. ಆಮೇಲೆ ಇನ್ನೂರು ಪುಟ ಬರೀ ಕತ್ತಲೆ, ಬಾಗಿಲು ಕಿರ್ ಅನ್ನೋದು.” ಹೋದ ವಾರದ್ದಕ್ಕೂ ಇದೇ ತೀರ್ಪು, ಅದರ ಹಿಂದಿನದಕ್ಕೂ ಇದೇ. ಬೈಯದೆ ಒಯ್ಯುವುದು ಒಂದೇ ಒಂದು ಹಳೇ ಪುಸ್ತಕವನ್ನು. ಅದು ಮೂರನೇ ಸಲ ಹೊಲಿಗೆ ಬಿಟ್ಟು ನನ್ನ ಕೈಗೆ ಬಂತು. “ಕೊಲೆಗಾರ ಯಾರು ಅಂತ ಬಾಯಿಪಾಠ ಆಗಿರಬೇಕಲ್ಲಕ್ಕ?” ಎಂದೆ. “ನಂಗಾಗಿದೆ. ನಮ್ಮನೆಯವರಿಗೆ ಓದಿ ಹೇಳ್ತೀನಿ, ಅವರಿಗೆ ನೆನಪು ನಿಲ್ಲಲ್ಲ. ಪ್ರತಿ ಸಲ ಡಾಕ್ಟರೇ ಕೊಂದಿದ್ದು ಅಂತಾರೆ. ಒಂದೇ ಒಂದು ಸಲ, ‘ಅಡುಗೆಯವನು ಕಣೇ, ಆಗ್ಲೇ ಓದಿದ್ದೀಯಲ್ಲ’ ಅಂದ್ಬಿಟ್ರೆ ಸಾಕು, ಆಮೇಲೆ ಇದನ್ನ ಮುಟ್ಟಲ್ಲ.” ಈ ಸಲ ಎರಡೆಳೆ ದಾರ ಹಾಕಿ ಹೊಲಿದೆ.