ದೊಡ್ಡಪ್ಪ ಚಿವುಟಿದ ಆಸ್ಟರ್

ನಮ್ಮ ಹಿತ್ತಲಲ್ಲಿ ಆಸ್ಟರ್ ಹೂವಿನ ಗಿಡ ಬದುಕುವುದಿಲ್ಲ ಎಂದವನು ನನ್ನ ದೊಡ್ಡಪ್ಪ. ಅದಕ್ಕೂ ಮೊದಲು, ಈ ಮನೆಯ ಹುಡುಗಿ ಡಿಗ್ರಿ ಮುಗಿಸುವುದು ಆಗದ ಮಾತು ಎಂದವನೂ ಅವನೇ. ಬೆಳಿಗ್ಗೆ ರೊಟ್ಟಿ ಬಡಿದು, ಸಂಜೆ ಎಮ್ಮೆಯ ಸೆಗಣಿ ಬಾಚಿ, ನಡುವೆ ಮುರಗೋಡದ ಹತ್ತಿರದ ನಮ್ಮೂರಿನಿಂದ ಬೈಲಹೊಂಗಲದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಸಸ್ಯಶಾಸ್ತ್ರ ಪಾಸಾದೆ. ಮನೆತನದ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಸುಳ್ಳಾಗುವ ಭವಿಷ್ಯ ಹೇಳುವುದರಲ್ಲಿ ದೊಡ್ಡಪ್ಪನಿಗೆ ಹೀಗೆ ಒಳ್ಳೆಯ ಅನುಭವವಿತ್ತು.

ಆಸ್ಟರ್ ಬೇರು ಕೊಟ್ಟವಳು ಕಿತ್ತೂರಿನ ಗೆಳತಿ. ವರ್ಷಕ್ಕೊಮ್ಮೆ ಬಿತ್ತುವ ಜಾತಿಯಲ್ಲ ಅದು. ಬೇರು ನೆಲದಲ್ಲೇ ಉಳಿದು, ಪ್ರತಿ ವರ್ಷ ಚಿಗುರಿ ನೇರಳೆ ಹೂ ಬಿಡುವಂಥದು.

"ನಮ್ಮದು ಎರಿ ಮಣ್ಣಬೇ. ಮಳಿ ಹಿಡದ್ರ ಬೇರ ಕೊಳತ ನಾರತಾವ," ಎಂದ ದೊಡ್ಡಪ್ಪ. "ಅಲ್ಲೆ ಬಳ್ಳೊಳ್ಳಿ ಹಚ್ಚೂನು. ಒಗ್ಗರಣಿಗರ ಆಕ್ಕೈತಿ."

"ಹೂ ಬಂದ್ರ?"

"ಬೈಲಹೊಂಗಲದಾಗ ಹೂವಿನ ಪ್ರದರ್ಶನ ಇಡತಾರಲ್ಲಾ, ಅಲ್ಲಿಂದ ಒಂದ ಸರ್ಟಿಫಿಕೇಟ್ ತಂದ ತೋರಸು. ಜಾಗಾ ನಿಂದ. ಇಲ್ಲಂದ್ರ ಬಳ್ಳೊಳ್ಳಿ."

ನೀರು ಹಿಡಿದಿಡುವ ಕಪ್ಪು ಎರೆ ಮಣ್ಣಿನ ವಿಷಯದಲ್ಲಿ ಅವನು ಹೇಳಿದ್ದು ಖರೆ. ಅದಕ್ಕೇ ಕೆಂಪು ಮಣ್ಣು, ಉಸುಕು, ತಿಪ್ಪೆಗೊಬ್ಬರ ಕಲಸಿ ಮಡಿ ಎತ್ತರಿಸಿದೆ. ಮೊದಲ ವರ್ಷ ಹೂ ಕಡಿಮೆ. ಮರುವರ್ಷ ಬುಡ ಅಗೆದು, ಕಟ್ಟಿಗೆಯಂತಾದ ನಡುಭಾಗವನ್ನು ತಿಪ್ಪೆಗೆ ಎಸೆದು, ಅಂಚಿನ ಚಿಗುರುಗಳನ್ನು ಬೇರುಸಹಿತ ಬಿಡಿಸಿ ನೆಟ್ಟೆ.

ದೊಡ್ಡವ್ವ ನೋಡುತ್ತ ನಿಂತಿದ್ದಳು. "ಜೀವಂತ ಗಿಡಾ ಹರಿಯಾಕ ಡಿಗ್ರಿ ಬೇಕಾತೇನ? ನಮ್ಮ ಆಡ ಪುಕ್ಕಟೆ ಮಾಡತಿತ್ತು."

ಮಳೆಗಾಲದಲ್ಲಿ ಗಿಡಗಳು ಗೇಣುದ್ದ ಆದಾಗ ತುದಿ ಚಿವುಟಿದೆ. ಯಾಕೆಂದು ದೊಡ್ಡಪ್ಪ ಕೇಳಿದ.

"ಕಡ್ಲಿ ಕುಡಿ ಚೂಟಿದಂಗ, ದೊಡ್ಡಪ್ಪಾ. ಚೂಟಿದ್ರ ಟೊಂಗಿ ಒಡೀತಾವ, ಹೂ ಹೆಚ್ಚ ಬರತಾವ."

ನಮ್ಮ ಕಡೆ ಕಡಲೆ ಹೊಲದಲ್ಲಿ ಕುಡಿ ಚಿವುಟುವುದು ಎಲ್ಲರಿಗೂ ಗೊತ್ತು. ಬೆಳೆಯೂ ಕವಲೊಡೆಯುತ್ತದೆ, ಮನೆಗೆ ಪಲ್ಯವೂ ಆಗುತ್ತದೆ. ಅಂದು ಮೊದಲ ಸಲ ದೊಡ್ಡಪ್ಪನಿಗೆ ನನ್ನ ಓದಿನ ಮೇಲೆ ಗೌರವ ಬಂತು. ಆ ಗೌರವವೇ ಮುಳುವಾಯಿತು.

ಚಳಿ ಬಿತ್ತು. ಹೊಲದಲ್ಲಿ ಕಡಲೆ ಕುಡಿ ಚಿವುಟುವ ಕೆಲಸ, ಹಿತ್ತಲಲ್ಲಿ ಆಸ್ಟರಿನ ಮೊಗ್ಗು, ಪ್ರದರ್ಶನ ಹತ್ತಿರ. ನಾನು ಸವದತ್ತಿಗೆ ಹೋಗಿ ಬರುವಷ್ಟರಲ್ಲಿ ದೊಡ್ಡಪ್ಪ ಹಿತ್ತಲ ಕಟ್ಟೆಯ ಮೇಲೆ ಟವೆಲ್ ಹರಡಿ ಕೂತಿದ್ದ.

"ಹೊಲಾ ಮುಗಿಸಿ ಬಂದವ ನಿನ್ನ ಗಿಡಾನೂ ಚೂಟಿ ಒಗದ್ನಿ. ಇದರ ಪಲ್ಲೆ ಆಕ್ಕೈತೇನ?"

ಟವೆಲ್ಲಿನ ತುಂಬ ನನ್ನ ಮೊಗ್ಗುಗಳು.

"ದೊಡ್ಡಪ್ಪಾ! ಅದು ಮಳಿಗಾಲದಾಗ ಚೂಟೂದು! ಮೊಗ್ಗ ಬಂದ ಮ್ಯಾಲ ಯಾರರ ಚೂಟತಾರೇನ?"

"ಕಡ್ಲಿಯಂಗ ಅಂದಾಕಿ ನೀನ."

"ಇನ್ನ ಬಳ್ಳೊಳ್ಳಿಗೆ ಅಡ್ಡಿ ಇಲ್ಲ ತಗೋ," ಎಂದಳು ಒಳಗಿನಿಂದ ದೊಡ್ಡವ್ವ.

ಬಚ್ಚಲ ಮೋರಿಯ ಆಚೆ, ಮಡಿಯಲ್ಲಿ ಜಾಗ ಸಾಲದೆ ದಿಬ್ಬದ ಮೇಲೆ ನೆಟ್ಟಿದ್ದ ಒಂದೇ ಬುಡ ಉಳಿದಿತ್ತು. ಅಲ್ಲಿಗೆ ರಾಡಿ ತುಳಿದುಕೊಂಡು ಹೋಗಬೇಕು. ದೊಡ್ಡಪ್ಪನ ಪರೋಪಕಾರ ಚಪ್ಪಲಿ ತೊಯ್ಯುವವರೆಗೆ ಮಾತ್ರ. ಬೂದಿ ರೋಗ ಹತ್ತಿದ ಕೆಳಗಿನ ಎಲೆಗಳನ್ನು ಕಿತ್ತೆ. ವಾಲಿದ ಟೊಂಗೆಗಳಿಗೆ ತೊಗರಿ ಕಟ್ಟಿಗೆ ಊರಿ ಕಟ್ಟಿದೆ. ಎಲೆ ತೊಯ್ಯದಂತೆ ಬುಡಕ್ಕೇ ನೀರು ಹಾಕಿದೆ. ದೊಡ್ಡಪ್ಪ ಆ ಕಡೆ ಕೆಮ್ಮಿದರೂ ಎದ್ದು ಹೋಗಿ ನೋಡುತ್ತಿದ್ದೆ.

ಹೂ ಬಿಟ್ಟಿತು. ಮಣ್ಣಿನ ಹೆಂಟೆ ಸಮೇತ ಎತ್ತಿ, ಹಳೆಯ ಬಕೀಟಿನಲ್ಲಿ ಕೂರಿಸಿ ಬೈಲಹೊಂಗಲಕ್ಕೆ ಒಯ್ದೆ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಬಕೀಟಿಗೆ. ನಾನು, ದೊಡ್ಡಪ್ಪ ನಿಂತೆವು.

ಎರಡನೆಯ ಬಹುಮಾನ ಬಂತು. ವೇದಿಕೆಯಲ್ಲಿ ಕೊಟ್ಟ ಸರ್ಟಿಫಿಕೇಟನ್ನು ಇಳಿದವಳೇ ದೊಡ್ಡಪ್ಪನ ಕೈಗೆ ಇಟ್ಟೆ. ಅವನು ಹಿಂದೆ ಮುಂದೆ ತಿರುವಿ ನೋಡಿದ.

"ಜಾಗಾ ನಿಂದ ಆತ ತಗೋ," ಎಂದ. "ಆದ್ರ ಈ ಗಿಡಾನೂ ನಾ ಚೂಟಿದ್ನೆಂದ್ರ, ಮೊದಲನೇದ ಬರತಿತ್ತು ನೋಡಬೇ."