ಹುಲ್ಲು ಕಂಡು ಹೋದ ಆನೆ

ಆ ಮಳೆಗಾಲದಲ್ಲಿ ನಾನು ಮೊಮ್ಮಗಳ ಕಂಪ್ಯೂಟರಿನಲ್ಲಿ ಮೊದಲ ಒಂಬತ್ತು ಯುದ್ಧವನ್ನೂ ಗೆದ್ದೆ. ಒಂದನ್ನೂ ನಾನು ಗೆದ್ದದ್ದಲ್ಲ. ಅದು ಗೊತ್ತಾಗುವ ಹೊತ್ತಿಗೆ ಆಟ ಹಾಳಾಗಿತ್ತು.

ಎರಡು ಸಾವಿರದ ಐದೋ ಆರೋ ಇಸವಿ. ನಮ್ಮ ಕಾಫಿ ತೋಟ ಮೂಡಿಗೆರೆಯಿಂದ ಜೀಪಿನಲ್ಲಿ ಅರ್ಧ ಗಂಟೆ. ಮಗನ ಮಗಳು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಕೊನೆಯ ವರ್ಷ ಏನಾದರೊಂದು ಸ್ವಂತ ಮಾಡಿ ತೋರಿಸಬೇಕಂತೆ. ಉಳಿದವರು ಲೈಬ್ರರಿ ಪುಸ್ತಕದ ಪಟ್ಟಿ, ಆಸ್ಪತ್ರೆ ಚೀಟಿ ಅಂತ ಮಾಡಿ ಪಾಸಾದರು. ಇವಳು ಯುದ್ಧದ ಆಟ ಮಾಡಿದಳು. ನೋಡಲು ಬಂದ ಮೇಷ್ಟ್ರು ಎರಡು ಸಲ ಆಡಿ, "ಒಂದೇ ಕಡೆಯವರು ಗೆಲ್ಲುತ್ತಾರೆ, ಇದು ಆಟವಲ್ಲ" ಎಂದು ಬರೆದು ಫೇಲು ಮಾಡಿದರು. ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ತೋರಿಸಬಹುದಿತ್ತು.

ಮಗ ಒಂದೇ ಮಾತು ಹೇಳಿದ: "ಈ ಸಲನೂ ಆಗ್ಲಿಲ್ಲ ಅಂದ್ರೆ ಕಂಪ್ಯೂಟರ್ ಯಾರಿಗಾದ್ರೂ ಕೊಟ್ಬಿಡ್ತೀನಿ. ಓದಿದ್ದು ಸಾಕು."

ಅವನು ಹೇಳಿದರೆ ಮಾಡುವವನು. ನಾನು ಹೆತ್ತವನಲ್ಲವೇ.

ಆಟ ಹೀಗೆ. ಪರದೆಯ ಮೇಲೆ ಚದುರಂಗದಂಥ ಮನೆಗಳು, ನಡುವೆ ಒಂದು ಹೊಳೆ. ಒಂದು ಕಡೆ ಕೋಟೆಯ ಸೈನ್ಯ: ಕಾಲಾಳು, ಆನೆ, ಒಬ್ಬ ಮಂತ್ರವಾದಿ. ಇನ್ನೊಂದು ಕಡೆ ಕಾಡಿನ ಸೈನ್ಯ: ಹುಲಿ, ರೆಕ್ಕೆಯಿರುವ ಹಾವು, ಐದು ಮನೆ ದೂರ ಬೆಂಕಿ ಎಸೆಯುವ ಕೊಳ್ಳಿದೆವ್ವ, ಒಬ್ಬಳು ರಾಣಿ. ಒಂದು ಸಲ ನಾನು ನಡೆಸಬೇಕು, ಒಂದು ಸಲ ಎದುರಿನವರು. ರಾಣಿಯೋ ಮಂತ್ರವಾದಿಯೋ ಸತ್ತರೆ ಮುಗಿಯಿತು. ಚಿಕ್ಕಂದಿನಲ್ಲಿ ಬಂಡೆಯ ಮೇಲೆ ಗೀಟು ಹಾಕಿ ಹುಲಿ-ಕುರಿ ಆಡಿದವರಿಗೆ ಇದರಲ್ಲಿ ಹೊಸದೇನಿಲ್ಲ. ಹುಲಿ ಮೂರೇ, ಕುರಿ ಹದಿನೈದು. ಆದರೂ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳಲು ಬರುವುದಿಲ್ಲ.

"ಅದೇ ಅಜ್ಜಿ. ಅದೇ ನಂಗೆ ಮಾಡ್ಲಿಕ್ಕೆ ಬರ್ತಿಲ್ಲ" ಎಂದಳು.

ಅವಳ ಗೆಳತಿಯರಿಗೆ ಆಟ ಬಾಯಿಪಾಠವಾಗಿತ್ತು. ಹೊಸಬರು ಆಡಿ ತಪ್ಪು ಹೇಳಬೇಕಿತ್ತು. ಬಿಡುವಾಗಿದ್ದವಳು ನಾನು. ನನ್ನೆದುರಿಗೆ ನಮ್ಮ ರೈಟರು. ತೋಟದ ಹಾಜರಿ ಬರೆದು ಆಳುಗಳಿಗೆ ಕೆಲಸ ಹಂಚುವವರು, ಮೂವತ್ತು ವರ್ಷದಿಂದ ನಮ್ಮಲ್ಲೇ ಇದ್ದವರು. ಮನೆಯವರು ಹೋದ ಮೇಲೆ ಅವರಿಗೆ ಕೆಲಸ ಹೇಳುತ್ತಿದ್ದವಳು ನಾನೇ.

ಇದ್ದದ್ದು ಒಂದೇ ಕಂಪ್ಯೂಟರು. ನಾನು ನಡೆಸಿ ಏಳುವುದು, ಅವರು ಬಂದು ಕೂರುವುದು. ಅವರು ಕೂರಲಿಲ್ಲ. ನಾನು ಕೂತೆದ್ದ ಕುರ್ಚಿಯ ಪಕ್ಕದಲ್ಲಿ ಬಗ್ಗಿ ನಿಂತುಕೊಂಡೇ ಆಡಿದರು. ಅಲ್ಲೇ ನಮಗೆ ಬುದ್ಧಿ ಬರಬೇಕಿತ್ತು.

ಆಟ ಮುಗಿದ ಮೇಲೆ ಅನಿಸಿದ್ದನ್ನು ಬರೆಯಲು ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟರಲ್ಲೇ ಬರೆದೆ. "ಆನೆ ಹಂದಿಯ ಹಾಗೆ ಕಾಣುತ್ತದೆ." "ಹೊಳೆ ದಾಟಲು ದೆವ್ವ ಒಂದು ಸರದಿ ಕಾಯುವುದು ಯಾಕೆ, ಅದಕ್ಕೆ ಕಾಲು ಒದ್ದೆಯಾಗುತ್ತದೆಯೇ?" "ರಾಣಿ ಸುಮ್ಮನೆ ನಿಂತಿರುತ್ತಾಳೆ, ಏನಾದರೂ ಕೆಲಸ ಕೊಡು." ರೈಟರು ಮುತ್ತಿನಂಥ ಅಕ್ಷರದಲ್ಲಿ ಪ್ರತಿ ಸಲ ಒಂದೇ ಬರೆದರು: "ಆಟ ಚೆನ್ನಾಗಿದೆ. ಅಮ್ಮನವರು ಬಹಳ ಚೆನ್ನಾಗಿ ಆಡಿದರು."

ನಾನು ಆಡಿದ್ದು ಕಾಡಿನ ಕಡೆ. ಮೊದಲ ಸಲ ಗೆದ್ದೆ. ಎರಡನೆಯ ಸಲವೂ ಗೆದ್ದೆ. ಮೊಮ್ಮಗಳು ಕೊಳ್ಳಿದೆವ್ವದ ಬೆಂಕಿಯನ್ನು ಐದು ಮನೆಯಿಂದ ಮೂರಕ್ಕೆ ಇಳಿಸಿದಳು. ಗೆದ್ದೆ. ಒಂದು ಮನೆಗೆ ಇಳಿಸಿದಳು. ಗೆದ್ದೆ. ಹಾವಿನ ರೆಕ್ಕೆ ತೆಗೆದಳು. ಹುಲಿಗೆ ವಯಸ್ಸಾದ ಹಾಗೆ ಮಾಡಿದಳು. ಆಗಸ್ಟ್ ಮುಗಿಯುವಾಗ ನನ್ನ ದೆವ್ವದ ಹತ್ತಿರ ಬೀಡಿ ಹಚ್ಚುವಷ್ಟು ಬೆಂಕಿ ಇರಲಿಲ್ಲ. ಆದರೂ ಗೆಲ್ಲುತ್ತಿದ್ದೆ. ನನಗೂ ಸ್ವಲ್ಪ ತಲೆಗೇರಿತ್ತು, ಸುಳ್ಳು ಹೇಳುವುದಿಲ್ಲ.

ಒಂಬತ್ತನೆಯ ಆಟದಲ್ಲಿ ರೈಟರ ಆನೆ ನನ್ನ ರಾಣಿಯ ಪಕ್ಕದ ಮನೆಗೆ ಬಂದು ನಿಂತಿತ್ತು. ಒಂದು ತುಳಿತ ಸಾಕು. ರೈಟರು ಬಗ್ಗಿ, ಬಹಳ ಹೊತ್ತು ಯೋಚಿಸಿ, ಆನೆಯನ್ನು ಮೂಲೆಗೆ ಅಟ್ಟಿದರು.

"ಆನೆ ಆ ಕಡೆ ಯಾಕೆ ಹೋಯ್ತು ರೈಟ್ರೇ?"

"ಅಲ್ಲಿ ಹುಲ್ಲು ಚೆನ್ನಾಗಿತ್ತು ಅಮ್ಮ."

ಮೊಮ್ಮಗಳು ನೋಟ್‌ಬುಕ್ ಮುಚ್ಚಿದಳು. "ನೀವು ಬೇಕಂತ್ಲೇ ಸೋತ್ರಾ? ಎಲ್ಲಾ ಸಲನೂ?"

"ಸೋತಿದ್ದಲ್ಲ ಮಗಾ. ಅಮ್ಮನ ಎದುರು ಗೆಲ್ಲೋದು ಹೆಂಗೆ?"

ಪರೀಕ್ಷೆಗೆ ಎಂಟು ದಿನ ಇತ್ತು. ಕಾಡಿನ ಸೈನ್ಯದಲ್ಲಿ ಇಲ್ಲದ ತಪ್ಪನ್ನು ಅವಳು ಎರಡು ತಿಂಗಳು ತಿದ್ದಿದ್ದಳು. "ಇವರು ಮರ್ಯಾದೆ ಕೊಟ್ಟಿದ್ದಕ್ಕೆ ನಾನು ಹುಲೀನ ಬೆಕ್ಕು ಮಾಡಿಟ್ಟೆ" ಎಂದು ತಲೆ ಹಿಡಿದುಕೊಂಡು ಕೂತಳು.

ನಾನು ರೈಟರಿಗೆ ಹೇಳಿದೆ, "ನಾಳೆ ನೀವು ಗೆಲ್ಬೇಕು. ಇದು ನನ್ನ ಆರ್ಡರು."

"ಆಗ್ಲಿ ಅಮ್ಮ" ಎಂದರು. ಮರುದಿನ ಬಂದು ಸೋತರು. ಬೆರಳು ತಪ್ಪಿ ಬೇರೆ ಕೀ ಒತ್ತಿತಂತೆ.

ಆಳು ಕರೆತರುವ ಮೇಸ್ತ್ರಿಗೂ ಈ ರೈಟರಿಗೂ ಹಾಜರಿ ವಿಷಯದಲ್ಲಿ ದಿನ ಬೆಳಗಾದರೆ ಜಗಳ. ಮೇಸ್ತ್ರಿಯನ್ನು ಕರೆಸಿ ವಿಷಯ ಹೇಳಿದೆ. ಅವನಿಗೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಆಗಾಗ ಕೆಮ್ಮುವ ಕೆಲಸ. ಇನ್ನು ಮೇಲೆ ನಿಮ್ಮೆದುರು ಆಡುವವನು ಮೇಸ್ತ್ರಿ ಎಂದು ಮೊಮ್ಮಗಳು ರೈಟರಿಗೆ ಹೇಳಿದಳು. ರೈಟರು ನಡೆಸಿ ಜಗಲಿಗೆ ಹೋಗುತ್ತಿದ್ದರು, ಬಾಗಿಲು ಹಾಕುತ್ತಿದ್ದೆವು, ನಾನು ಅಡುಗೆಮನೆಯಿಂದ ಬಂದು ನಡೆಸಿ ಹೋಗುತ್ತಿದ್ದೆ.

ಮೊದಲ ದಿನ ರೈಟರು ಕುರ್ಚಿ ಎಳೆದುಕೊಂಡು ಕೂತರು. ಆರೇ ಸರದಿಯಲ್ಲಿ ನನ್ನ ರಾಣಿ ಸತ್ತಳು. "ತಗೋ ಮಾರಾಯ! ಹಾಜರಿ ಕೇಳ್ತೀಯಾ ಹಾಜರಿ!" ಎಂದು ಮೇಜು ಗುದ್ದಿದ್ದು ಅಡುಗೆಮನೆಗೆ ಕೇಳಿಸಿತು. ಮೇಸ್ತ್ರಿ ಕೆಮ್ಮುವುದನ್ನೂ ಮರೆತ. ನೋಟ್‌ಬುಕ್ಕಿನಲ್ಲಿ ರೈಟರು ಮೊದಲ ಬಾರಿಗೆ ಬೇರೆ ಬರೆದಿದ್ದರು: "ಕಾಡಿನ ಸೈನ್ಯದಲ್ಲಿ ದಮ್ಮಿಲ್ಲ. ದೆವ್ವ ದಂಡ. ಮಂತ್ರವಾದಿಗೆ ಸೊಕ್ಕು ಜಾಸ್ತಿ."

ಮೊಮ್ಮಗಳು ಆ ಹಾಳೆಯನ್ನು ಎದುರಿಗಿಟ್ಟುಕೊಂಡು ತಿದ್ದಿದಳು. ಹಾವಿಗೆ ರೆಕ್ಕೆ ವಾಪಸ್ಸು ಬಂತು. ದೆವ್ವದ ಬೆಂಕಿ ನಾಲ್ಕು ಮನೆಗೆ ನಿಂತಿತು. ಮಂತ್ರವಾದಿ ಒಂದು ಸಲ ಮಂತ್ರ ಹಾಕಿದರೆ ಮುಂದಿನ ಸರದಿ ಸುಮ್ಮನಿರಬೇಕು ಎಂದಾಯಿತು. ಕೊನೆಯ ನಾಲ್ಕು ಆಟದಲ್ಲಿ ಎರಡು ಅವರದು, ಎರಡು ನನ್ನದು. ಆ ಎರಡನ್ನು ನಾನೇ ಗೆದ್ದೆ. ಮೇಸ್ತ್ರಿ ಎರಡು ದಿನ ಎದೆಯೆತ್ತಿಕೊಂಡು ತಿರುಗಿದ.

ಕಾಲೇಜಿನ ಮೇಷ್ಟ್ರು ಒಂದು ಗೆದ್ದು ಒಂದು ಸೋತು, ಮೂರನೆಯದಕ್ಕೆ ಊಟ ಬಿಟ್ಟು ಕೂತರಂತೆ. ಪಾಸು ಮಾಡಿದರು. ಮಗ ಕಂಪ್ಯೂಟರಿನ ಸುದ್ದಿ ಮತ್ತೆ ಎತ್ತಲಿಲ್ಲ. ಅದಕ್ಕೆ ಹೊದಿಸಲು ಪ್ಲಾಸ್ಟಿಕ್ ಹಾಳೆ ತಂದುಕೊಟ್ಟ.

ಮಾರನೆಯ ದಿನ ಹಾಜರಿ ಪುಸ್ತಕ ಹಿಡಿದು ಬಂದ ರೈಟರಿಗೆ ನಿಜ ಹೇಳಿದೆ.

"ಹಾಗಾದ್ರೆ ನಾನು ಹೊಡೆದದ್ದು ನಿಮ್ಗಾ?"

"ನಂಗೇ."

"ತಪ್ಪಾಯ್ತು ಅಮ್ಮ."

"ಅದಿರ್ಲಿ. ಕೆರೆ ಪಕ್ಕದ ತೋಟದ ಪಟ್ಟೆಯಲ್ಲಿ ನೆರಳು ಹೆಚ್ಚಾಯ್ತು, ಮರ ಕಡಿಸಿ ಅಂದೆ. ನೀವು ಸರಿ ಅಂದ್ರಿ. ಬಿಸಿಲು ಬಿದ್ದು ಕಾಫಿ ಗಿಡಕ್ಕೆಲ್ಲ ಕಾಂಡ ಕೊರೆಯೋ ಬೋರರ್ ಹುಳ ಹತ್ತಿತು. ಅಲ್ಲೂ ಹುಲ್ಲು ಚೆನ್ನಾಗಿತ್ತಾ?"

ರೈಟರು ಹಾಜರಿ ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಗೇಟಿನವರೆಗೆ ಹೋಗಿ ವಾಪಸ್ಸು ಬಂದರು.

"ಅದು ಕಡಿಯೋದು ಬೇಡ ಇತ್ತಮ್ಮ" ಎಂದರು. ಮೂವತ್ತು ವರ್ಷದಲ್ಲಿ ಅವರು ನನಗೆ ಬೇಡ ಅಂದದ್ದು ಅದೇ ಮೊದಲ ಸಲ. "ಮೆಣಸಿನ ಬಳ್ಳಿಗೆ ಈ ವರ್ಷ ನೀವು ಹೇಳಿದ ಔಷಧಿನೂ ಬೇಡ."

ಕುರ್ಚಿ ತೋರಿಸಿದೆ. ಕೂತು, ಬೇಡದ್ದೆಲ್ಲ ಹೇಳತೊಡಗಿದರು. ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಮುಗಿಯಲಿಲ್ಲ.