ಮಂಗಳವಾರದ ವೆಂಡೆಲ್

ನಮ್ಮ ಪೆನ್ಸಿಲ್ವೇನಿಯಾದಲ್ಲಿ ಶೇಲ್ ಬಂಡೆ ಒಡೆದು ಗ್ಯಾಸ್ ತೆಗೆಯುವ ಕಂಪನಿಯವರು ಹಿತ್ತಲಲ್ಲಿ ಕೊರೆದ ಮೇಲೆ ನಮ್ಮ ಬಾವಿಯ ನೀರು ಸೋಡಾದಂತೆ ನೊರೆಯುಕ್ಕುತ್ತದೆ. ಸಮಾಧಾನ ಹೇಳಲು ಅವರು ಕಳಿಸುವ ವೆಂಡೆಲ್ ಪ್ರತಿ ಮಂಗಳವಾರ ಬಂದು, ಬೂಟು ಬಾಗಿಲಲ್ಲೇ ಬಿಟ್ಟು, ನನ್ನ ಆಪಲ್ ಪೈ ಎರಡು ತುಂಡು ಮುಗಿಸಿ, "ನಿಮ್ಮ ಗ್ಯಾಸಿಂದ ಅರ್ಧ ನ್ಯೂಯಾರ್ಕ್ ಬೆಚ್ಚಗಿದೆ, ಮೇಡಂ!" ಎಂದು ಹಲ್ಲು ಕಿರಿಯುತ್ತಾನೆ. "ನೀರು?" ಎಂದರೆ "ಅಮೃತ!" ಎನ್ನುತ್ತಾನೆ. "ಮತ್ತೆ ಬಾಟಲಿ ನೀರು ಯಾಕೆ ಹೊತ್ಕೊಂಡು ಬರ್ತೀಯಾ?" ಎಂದರೆ "ಸ್ನೇಹಕ್ಕೆ!" ಎನ್ನುತ್ತಾನೆ. ನನ್ನ ಕುಂಟು ನಾಯಿ ರಸ್ಟಿ ಎಂದರೆ ಅವನಿಗೆ ಪ್ರಾಣ. ಮೊನ್ನೆ ಅದು ಬಾವಿ ನೀರು ಬರುವ ನಲ್ಲಿಯ ಬಕೆಟ್ಟಿಗೆ ಬಾಯಿ ಹಾಕಿದ್ದೇ ತಡ, "ಬೇಡ ಕಣೋ, ಅದನ್ನ ಕುಡೀಬೇಡ!" ಎಂದು ಹಾರಿ ಬಕೆಟ್ಟನ್ನೇ ಒದ್ದು ಉರುಳಿಸಿದ. ನನಗೆ ಮೈಯೆಲ್ಲ ಉರಿಯಿತು: "ನನ್ನನ್ನೂ ನಾಯಿ ಅಂತ ತಿಳ್ಕೊಂಡು ಒಂದ್ಸಲ ನಿಜ ಹೇಳಯ್ಯಾ!"